ಅಗಿಯುವ ಹೊತ್ತು

ಶಿಶುವಿಹಾರದ ಅಡುಗೆಯಾಕೆಗೆ ಮಿಕ್ಸಿ ಕಂಡರೆ ಮೈ ಉರಿಯುತ್ತಿತ್ತು. ಹೊಸ ಮೇಲ್ವಿಚಾರಕಿ ಬಂದ ವಾರದಲ್ಲೇ ಅಪ್ಪಣೆಯಾಗಿತ್ತು: ಮೂರು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ನ, ಬೇಳೆ, ತರಕಾರಿ ಸೇರಿಸಿ ನುಣ್ಣಗೆ ರುಬ್ಬಬೇಕು, ಹತ್ತು ನಿಮಿಷದಲ್ಲಿ ಊಟ ಮುಗಿಯಬೇಕು.

"ಹಲ್ಲಿದ್ದವರಿಗೆ ಕಡಲೆಯಿಲ್ಲ ಅಂತಾರಲ್ಲ, ಇಲ್ಲಿ ಕಡಲೆನೂ ಇದೆ, ಹಲ್ಲೂ ಇದೆ, ನಡುವೆ ಈ ಮಿಕ್ಸಿ ಕೂತಿದೆ," ಎಂದು ಪಾತ್ರೆ ತೊಳೆಯುವಾಕೆಯ ಮುಂದೆ ಗೊಣಗಿದಳು.

ಆ ಸಿಟ್ಟಿನ ಬೇರು ಮನೆಯಲ್ಲಿತ್ತು. ಕೆಲಸಕ್ಕೆ ಓಡುವ ಅವಸರದಲ್ಲಿ ತನ್ನ ಮಗಳಿಗೆ ನಾಲ್ಕು ವರ್ಷದವರೆಗೂ ಕಿವುಚಿದ ಅನ್ನವನ್ನೇ ತುರುಕಿದ್ದಳು. ಈಗ ಹನ್ನೆರಡರ ಆ ಹುಡುಗಿಯ ಬಾಯಲ್ಲಿ ಹಲ್ಲುಗಳು ಒಂದರ ಮೇಲೊಂದು ಹತ್ತಿ ನಿಂತಿದ್ದವು. "ದವಡೆ ಸಾಕಷ್ಟು ಅಗಲವಾಗಿಲ್ಲ. ಕಾರಣ ಹಲವು ಇರಬಹುದು, ಅಗಿಯದೆ ಬೆಳೆದದ್ದೂ ಒಂದು," ಎಂದಿದ್ದರು ದಂತವೈದ್ಯರು. ಆ ಮಾತು ಮುಳ್ಳಾಗಿ ಒಳಗೇ ಉಳಿದಿತ್ತು.

ಶಿಶುವಿಹಾರದಲ್ಲಿ ಗುಂಗುರು ಕೂದಲಿನ ಎರಡು ವರ್ಷದ ಮಗುವೊಂದಿತ್ತು. ರುಬ್ಬಿದ್ದನ್ನು ನುಂಗಿ ನುಂಗಿ ರೂಢಿಯಾಗಿ, ಒಂದು ಚೂರು ಬಿಸ್ಕತ್ತು ಕೊಟ್ಟರೂ ಕೆನ್ನೆಯಲ್ಲಿಟ್ಟುಕೊಂಡು ಪಿಳಿಪಿಳಿ ನೋಡುತ್ತಿತ್ತು. ಒಂದು ಮಧ್ಯಾಹ್ನ ಅಡುಗೆಯಾಕೆ, ಬೆರಳಲ್ಲಿ ಒತ್ತಿದರೆ ನುಗ್ಗಾಗುವಷ್ಟು ಕ್ಯಾರೆಟ್ ಬೇಯಿಸಿ, ಉದ್ದುದ್ದ ಸೀಳಿ, ಎದುರಿಗೆ ಕೂತು ಒಂದು ಸೀಳನ್ನು ಮಗುವಿನ ಕೈಗೆ ಕೊಟ್ಟಳು. ಮಗು ಕಚ್ಚಿತು, ಓಕರಿಸಿ ಉಗುಳಿತು, ಮತ್ತೆ ಕಚ್ಚಿತು. ಮೇಲ್ವಿಚಾರಕಿ ಬಾಗಿಲಲ್ಲಿ ನಿಂತಿದ್ದಳು.

"ಗಂಟಲಿಗೆ ಸಿಕ್ಕಿದ್ರೆ ಯಾರು ಜವಾಬ್ದಾರಿ?"

"ಅದಕ್ಕೇ ತಾನೇ ನಾನು ಎದುರಿಗೆ ಕೂತಿರೋದು."

"ಹೀಗೆ ಕೂತ್ಕೊಂಡು ತಿನ್ನಿಸೋಕೆ ಇಲ್ಲಿ ಯಾರಿಗೆ ಪುರುಸೊತ್ತಿದೆ?"

"ನಿಮಗೆ ಪುರುಸೊತ್ತಿಲ್ಲ ಅಂತ ಮಗು ದವಡೆ ಬೆಳೆಯೋದು ಬಿಡಬೇಕಾ?"

ಸಂಜೆ ಮಗುವಿನ ತಾಯಿ ಬಂದಾಗ ಮೇಲ್ವಿಚಾರಕಿ ದೂರು ಹೇಳಿದಳು. ತಾಯಿಯ ಮುಖ ಕೆಂಪೇರಿತು. "ನನ್ನ ಮಗಳ ಮೇಲೆ ಪ್ರಯೋಗ ಮಾಡೋಕೆ ನೀವ್ಯಾರು?"

"ನಾಳೆ ಮಧ್ಯಾಹ್ನ ಬನ್ನಿ. ಕಣ್ಣಾರೆ ನೋಡಿ, ಆಮೇಲೆ ಬೈರಿ," ಎಂದಳು ಅಡುಗೆಯಾಕೆ.

ಮರುದಿನ ತಾಯಿ ಬಂದು ಕೂತಳು. ಒಂದು ಸೀಳು ಮುಗಿಯಲು ಕಾಲು ಗಂಟೆ ಹಿಡಿಯಿತು. ಮಗುವಿನ ದವಡೆ ಮೊದಲು ಮೇಲೆ ಕೆಳಗೆ, ಆಮೇಲೆ ಅಡ್ಡಡ್ಡ ಆಡಿದ್ದನ್ನು ಇಬ್ಬರೂ ಕಣ್ಣು ಕೀಳದೆ ನೋಡಿದರು.

"ಮನೇಲೂ ನಾನು ರುಬ್ಬೇ ಕೊಡೋದು," ಎಂದಳು ತಾಯಿ ಮೆಲ್ಲಗೆ. "ಏನು ಮಾಡ್ಲಿ, ಬಸ್ಸಿಗೆ ಹೊತ್ತಾಗುತ್ತೆ."

ಒಂದು ಕಾಲಕ್ಕೆ ಅದು ಅಡುಗೆಯಾಕೆಯದೇ ಮಾತಾಗಿತ್ತು.

ತಾಯಿ ಹೋಗಿ ಮೇಲ್ವಿಚಾರಕಿಯೊಡನೆ ಖಡಾಖಂಡಿತವಾಗಿ ಮಾತಾಡಿದಳು. ಮುಂದಿನ ವಾರದಿಂದ ಹಲ್ಲು ಬಂದ ಮಕ್ಕಳ ಊಟಕ್ಕೆ ಅರ್ಧ ಗಂಟೆ ಸಿಕ್ಕಿತು. ಹೆಚ್ಚಿನ ಇಪ್ಪತ್ತು ನಿಮಿಷವನ್ನು ಮೇಲ್ವಿಚಾರಕಿ ಕತ್ತರಿಸಿದ್ದು ಅಡುಗೆಯಾಕೆಯ ವಿರಾಮದಿಂದ. ಅವಳನ್ನು ಮನಸಾರೆ ಶಪಿಸುತ್ತ, ಅಡುಗೆಯಾಕೆ ನಿಂತುಕೊಂಡೇ ನಾಲ್ಕು ತುತ್ತು ಬಾಯಿಗೆ ಹಾಕಿಕೊಂಡು, ತಟ್ಟೆ ಹಿಡಿದು ಮಕ್ಕಳ ಎದುರು ಕೂತಳು.