ಅರಿಷಿಣ ಹತ್ತಿದ ನೂರೈವತ್ತು ಚೀಟಿ

ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ನಾಲ್ಕೂವರೆಗೆ ಕೇಳುವುದು ಒಂದೇ ಸದ್ದು, ಕಸಬರಿಗೆಯದು. ಶೇವಂತೆವ್ವ ಸೆರಗು ಸೊಂಟಕ್ಕೆ ಬಿಗಿದು, ಸಿಂದಗಿ ಬಸ್ಸು ನಿಲ್ಲುವ ಕಟ್ಟೆಯಿಂದ ಗುಡಿಸುತ್ತ ಬರುತ್ತಾಳೆ. ಬೀಡಿ ತುಂಡು, ಶೇಂಗಾ ಸಿಪ್ಪೆ, ಹರಿದ ಟಿಕೀಟು ಎಲ್ಲ ಒಂದೇ ಗುಡ್ಡೆಗೆ. ನಬಿಸಾಬನ ಚಹಾದಂಗಡಿ ಮುಂದೆ ಮಾತ್ರ ಕಸಬರಿಗೆ ನಿಲ್ಲುತ್ತದೆ. ಅಲ್ಲಿ ಆಕೆ ಬಗ್ಗಿ ಕೈಯಿಂದ ಆರಿಸುತ್ತಾಳೆ.

ಆರಿಸುವುದು ಚಹಾಪುಡಿ ಪೊಟ್ಟಣದ ಒಳಮೈಯಲ್ಲಿರುವ ಗುಲಾಬಿ ಚಿತ್ರದ ಚೀಟಿ. ಕಂಪನಿಯವರು ಅದಕ್ಕೆ ಕೂಪನ್ ಅನ್ನುತ್ತಾರೆ, ಶೇವಂತೆವ್ವ ಕುಪ್ಪನ ಅನ್ನುತ್ತಾಳೆ. ನಬಿಸಾಬ ಮೊದಲೆಲ್ಲ ಪೊಟ್ಟಣವನ್ನು ಹಲ್ಲಿನಿಂದ ಹರಿಯುತ್ತಿದ್ದ. ಅರ್ಧ ಗುಲಾಬಿ ಪೊಟ್ಟಣದಲ್ಲಿ, ಅರ್ಧ ಅವನ ಬಾಯಲ್ಲಿ. ನೋಡಿ ನೋಡಿ ಸಾಕಾಗಿ ಆಕೆ ಒಂದು ಹಳೆ ಬ್ಲೇಡು ತಂದು ಅವನ ಕೈಗಿಟ್ಟಳು. "ಹಲ್ಲು ರೊಟ್ಟಿಗೆ ಇಟ್ಕೋಪಾ. ಇದನ್ನ ಇದರಿಂದ ಕೊಯ್ಯಿ." ಅಂದಿನಿಂದ ಒಂದು ಗುಲಾಬಿಯೂ ಹರಿದಿಲ್ಲ.

ಆಕೆ ಯಂಕಂಚಿ ಎಂಬ ಹಳ್ಳಿಯಿಂದ ಸೊಸೆಯಾಗಿ ಬಂದವಳು. ಗಂಡ ಬೀರಣ್ಣ ಕುರಿಹಿಂಡಿನ ಬೆನ್ನು ಹತ್ತಿ ವರ್ಷದ ಎಂಟು ತಿಂಗಳು ಅಡವಿ ಪಾಲು. ಗುಡಿಸುವುದಕ್ಕೆ ಆಕೆಯ ತಿಂಗಳ ಪಗಾರ ಅರವತ್ತು ರೂಪಾಯಿ. ಅಷ್ಟರಲ್ಲಿ ಸಂತೆ ಮಾಡುವ ವಿದ್ಯೆಯನ್ನು ಆಕೆಗೆ ಯಾವ ಸಾಲಿಯೂ ಕಲಿಸಿಲ್ಲ. ಐದು ಸಾಬೂನಿನ ಕಾಗದ ಕೊಟ್ಟರೆ ಒಂದು ಸಾಬೂನು ಬರುತ್ತದೆ. ಸೊಸೈಟಿಯಲ್ಲಿ ಎಣ್ಣೆ, ಸಕ್ಕರೆ ಕೊಂಡ ರಸೀದಿ ಜೋಪಾನ ಮಾಡಿದರೆ ಯುಗಾದಿಗೆ ರಿಬೇಟು ಅಂತ ಒಂದಿಷ್ಟು ರೊಕ್ಕ ವಾಪಸ್ ಸಿಗುತ್ತದೆ. ಓದು ಬಾರದ ಶೇವಂತೆವ್ವ ರಸೀದಿಗಳನ್ನು ತಂತಿಗೆ ಪೋಣಿಸಿ ಗೂಟಕ್ಕೆ ನೇತುಹಾಕಿದ್ದಾಳೆ. "ಎಲ್ಲಾರೂ ರೊಕ್ಕಾ ಜೋಡಸ್ತಾರ್ರಿ. ನಮ್ಮಂಥಾವ್ರು ಕಾಗದ ಜೋಡಸಬೇಕು."

ಇದೆಲ್ಲ ಸಣ್ಣ ಉಳಿತಾಯದ ಮಾತು. ಹೋದ ವರ್ಷ, ಎಪ್ಪತ್ತಾರರಲ್ಲಿ, ಕೆಲಸವೇ ಕೈಬಿಡುವ ಹೊತ್ತು ಬಂತು. ಅದಕ್ಕೆ ಕಾರಣ ಒಂದು ಹುಂಜ.

ಆಕೆಯನ್ನು ದಿನಾ ಎಬ್ಬಿಸುತ್ತಿದ್ದದ್ದು ಹುಂಜವೇ. ಅಳಿಯ ಮೊದಲ ಸಲ ಮನೆಗೆ ಬಂದಾಗ ಅದನ್ನು ಕೊಯ್ಯದೆ ವಿಧಿಯಿರಲಿಲ್ಲ. ಮರುವಾರ ಬೆಳದಿಂಗಳನ್ನು ಬೆಳಗು ಅಂದುಕೊಂಡು ಸರಿರಾತ್ರಿಯೇ ಹೋಗಿ ಗುಡಿಸಿ ಬಂದಳು. ಆಮೇಲೆ ಎರಡು ಸಲ ಎಚ್ಚರವೇ ಆಗಲಿಲ್ಲ. ಬಸ್ಸು ಬಂದರೂ ಕಸ ಅಲ್ಲೇ. ಮೂರನೇ ಸಲ ತಡವಾದರೆ ಕಸಬರಿಗೆ ಬೇರೆಯವರ ಕೈಗೆ ಎಂದು ಗುತ್ತಿಗೆದಾರ ನಾಲ್ಕು ಮಂದಿ ಎದುರಿಗೇ ಅಂದುಬಿಟ್ಟ.

ನಬಿಸಾಬನ ಗೋಡೆಗೆ ಚಹಾ ಕಂಪನಿಯವರು ಒಂದು ಕಾಗದ ಅಂಟಿಸಿದ್ದರು. ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ಶಂಕರೆಪ್ಪ ಅದನ್ನು ಓದಿ ಹೇಳಿದ. ನೂರೈವತ್ತು ಗುಲಾಬಿಗೆ ಒಂದು ಅಲಾರಾಂ ಗಡಿಯಾರ, ಪುಕ್ಕಟೆ. ನವೆಂಬರ್ ನಡುವಿಗೆ ಕಡೇ ದಿನ, ಚೀಟಿ ಕೊಡಬೇಕಾದದ್ದು ಸಿಂದಗಿಯಲ್ಲಿ. ಮೊದಲು ಕೂಡಿಟ್ಟಿದ್ದ ಚೀಟಿಗೆ ಹೊಸವು ಸೇರಿ, ದೀಪಾವಳಿ ಹೊತ್ತಿಗೆ ನೂರೈವತ್ತು ತುಂಬಿದವು.

ತುಂಬಿದ್ದೇ ಫಜೀತಿಗೆ ಬಂತು. ದೀಪಾವಳಿ ಅಮಾವಾಸ್ಯೆಗೆ ಲಕ್ಷ್ಮೀಪೂಜೆ. ಇದ್ದವರು ಬಂಗಾರ ಇಡುತ್ತಾರೆ, ಅಂಗಡಿಯವರು ಖಾತೆ ಪುಸ್ತಕ ಇಡುತ್ತಾರೆ. ಶೇವಂತೆವ್ವನ ಮನೆಯಲ್ಲಿದ್ದ ಲಕ್ಷ್ಮೀ ಅಂದರೆ ಆ ಚೀಟಿಗಳೇ. ಅರಿಷಿಣ ಕಲಸಿ, ಕುಂಕುಮ ಇಟ್ಟು, ಒಂದೊಂದಕ್ಕೂ ಬೆರಳಿಂದ ಹಚ್ಚಿದಳು. "ಒಂದಕ್ಕ ಹಚ್ಚಿ ಒಂದಕ್ಕ ಬಿಡಾಕ ಬರ್ತತೇನ್ರಿ? ಎಲ್ಲಾವೂ ನಾ ಆರಿಸಿದ್ವ."

ಸಿಂದಗಿಯ ಕಿರಾಣಿ ಅಂಗಡಿಯಲ್ಲಿ ಕುಳಿತಿದ್ದ ಕಂಪನಿಯ ಮನುಷ್ಯ ಆಕೆ ಒಯ್ದ ಗಂಟು ಬಿಚ್ಚಿ ನೋಡಿ ಹಿಂದಕ್ಕೆ ತಳ್ಳಿದ. ಕಲೆ ಬಿದ್ದ ಚೀಟಿ ನಡೆಯುವುದಿಲ್ಲ ಎಂದ. ಶೇವಂತೆವ್ವ ಅಳಲಿಲ್ಲ. ಅಂಗಡಿ ಸಾಹುಕಾರನ ಖಾತೆ ಪುಸ್ತಕದ ಕಡೆ ಬೆರಳು ಮಾಡಿದಳು. ಅದರ ರಟ್ಟಿನ ಮೇಲೂ ಅದೇ ಅಮಾವಾಸ್ಯೆಯ ಅರಿಷಿಣ ಇನ್ನೂ ಮಾಸಿರಲಿಲ್ಲ. "ಅವರ ಬುಕ್ಕಿಗೆ ಹಚ್ಚಿದ್ದು ನಡೀತತಿ, ನನ್ನ ಚೀಟಿಗೆ ಹಚ್ಚಿದ್ದು ನಡಿಯೂದಿಲ್ಲೇನ್ರಿ?"

ಸಾಹುಕಾರ ನಕ್ಕ. ಕಂಪನಿಯವನಿಗೆ ನಗು ಬರಲಿಲ್ಲ, ಆದರೆ ಒಂದಿಷ್ಟು ಕರಗಿದ. ಅಚ್ಚಾದ ನಂಬರು ಕಾಣುವ ಚೀಟಿ ಮಾತ್ರ ತೆಗೆದುಕೊಳ್ಳುತ್ತೇನೆ ಎಂದು ಬೆಳಕಿಗೆ ಹಿಡಿದು ಎಣಿಸಿದ. ತೊಂಬತ್ತೆರಡು ಪಾಸಾದವು. ಐವತ್ತೆಂಟು ಹೋದವು. ಉಳಿದದ್ದು ಇಪ್ಪತ್ತು ದಿನ.

ಆ ಇಪ್ಪತ್ತು ದಿನ ಶೇವಂತೆವ್ವ ಮನೆಯಲ್ಲಿ ಮಲಗಲೇ ಇಲ್ಲ. ತಡವಾಗುವ ಮಾತೇ ಬೇಡವೆಂದು ಕಂಬಳಿ ಹೊದ್ದು ನಿಲ್ದಾಣದ ಕಟ್ಟೆಯ ಮೇಲೇ ಮಲಗಿದಳು. ಮೊದಲ ಡ್ರೈವರನ ಬೂಟಿನ ಸದ್ದಿಗೆ ಎದ್ದು ಗುಡಿಸಿದಳು. ಹಗಲು ಬಸ್ಸುಬಸ್ಸಿಗೆ ನಿಂತು ಕೇಳಿದಳು. ಶಂಕರೆಪ್ಪ ಮುದ್ದೇಬಿಹಾಳದ ಹೋಟೆಲುಗಳಿಂದ ತಂದ. ಇಂಡಿ ಬಸ್ಸಿನವರು ತಾಂಬಾದ ಒಂದು ಮದುವೆಮನೆಯಿಂದ ಹನ್ನೊಂದು ಕೊಟ್ಟರು. ಬೇಡುತ್ತೀಯಲ್ಲ, ನಾಚಿಕೆಯಿಲ್ಲವೇ ಎಂದವರೂ ಇದ್ದರು. "ಕಸದಾಗ ಒಗಿಯೂದನ್ನ ಕೇಳಾಕ ಎಂಥಾ ನಾಚಿಕಿ? ಒಗದ್ರ ಅದನ್ನ ಬಳಿಯಾಕಿನೂ ನಾನ."

ಕಡೇ ದಿನ ಸಿಂದಗಿಯಲ್ಲಿ ಎಣಿಸಿದಾಗ ಐವತ್ತೇಳು. ಒಂದು ಕಡಿಮೆ. ಮನೆಯಲ್ಲಿ ಎಂದೂ ಚಹಾಪುಡಿ ಕೊಳ್ಳದ ಹೆಂಗಸು ಅದೇ ಅಂಗಡಿಯಲ್ಲಿ ಒಂದು ಪೊಟ್ಟಣ ಕೊಂಡಳು. ಸೊಂಟದ ಚೀಲದಲ್ಲಿ ತನಗೆಂದು ಇಟ್ಟುಕೊಂಡಿದ್ದ ಇನ್ನೊಂದು ಬ್ಲೇಡು ತೆಗೆದು, ಗುಲಾಬಿಗೆ ತಾಗದಂತೆ ಕೊಯ್ದು, ಕಂಪನಿಯವನ ಮುಂದಿಟ್ಟಳು.

ಈಗ ಗಡಿಯಾರ ಆಕೆಯ ದೇವರ ಜಗುಲಿಯ ಮೇಲೆ ಕುಳಿತಿದೆ. ಮೂರನೇ ಸಲ ತಡ ಆಗಲೇ ಇಲ್ಲ, ಕಸಬರಿಗೆ ಅದೇ ಕೈಯಲ್ಲಿದೆ. ಈ ದೀಪಾವಳಿಗೆ ಗಡಿಯಾರಕ್ಕೂ ಅರಿಷಿಣ ಬೀಳುತ್ತದೆ. "ಗಾಜಿಗೆ ಹಚ್ತೇನ್ರಿ. ಒರಸಿದ್ರ ಹೋಗ್ತತಿ." ಅಷ್ಟರಮಟ್ಟಿಗೆ ಶಾಣ್ಯಾಕಿ ಆಗಿದ್ದಾಳೆ.

ಪುಕ್ಕಟೆ ಗಡಿಯಾರದ ಅವ್ವ ಎಂದು ಓಣಿಯಲ್ಲೂ ನಿಲ್ದಾಣದಲ್ಲೂ ಚಾಷ್ಟಿ ಮಾಡಿ ನಗುತ್ತಾರೆ. ಆ ಒಂದು ಮಾತಿಗೆ ಮಾತ್ರ ಶೇವಂತೆವ್ವ ಗುಡಿಸುವುದನ್ನು ನಿಲ್ಲಿಸಿ ನೆಟ್ಟಗೆ ನಿಲ್ಲುತ್ತಾಳೆ.

"ಪುಕ್ಕಟ ಅಂತ ಕಾಗದದಾಗ ಬರದಾರ, ಅವರು ಬರಕೊಳ್ಳಲಿ. ನಾ ಎರಡ ಸಲ ದುಡದ ತಂದೇನಿ."