ನೆಪ ಬಿಟ್ಟ ಬಡಗಿ

ಗೆದ್ದವರ ಬದುಕನ್ನು ಬರೆಯುವವರಿಗೆ ಒಂದು ಚಟವಿದೆ. ಮೊದಲ ಪುಟದಲ್ಲೇ ಅವರನ್ನು ಉಪವಾಸ ಕೆಡವುತ್ತಾರೆ, ಬೀದಿ ದೀಪದ ಕೆಳಗೆ ಕೂರಿಸಿ ಓದಿಸುತ್ತಾರೆ, ಕಾಲಿಗೆ ಚಪ್ಪಲಿಯನ್ನೂ ಕೊಡುವುದಿಲ್ಲ. ನನ್ನ ಸೋದರಮಾವನಿಗೆ ಈ ಯಾವ ಅನುಕೂಲವೂ ಇರಲಿಲ್ಲ. ಹೊತ್ತು ಹೊತ್ತಿಗೆ ಊಟವಿತ್ತು, ಕಾಲಿಗೆ ಚಪ್ಪಲಿಯಿತ್ತು, ಅಪ್ಪನಿಂದ ಬಂದ ಬಡಗಿ ಅಂಗಡಿಯಿತ್ತು, ಕೈಯಲ್ಲಿ ಒಳ್ಳೆಯ ಕಸುಬಿತ್ತು. ಇಲ್ಲದಿದ್ದದ್ದು ಆ ಕಸುಬನ್ನು ಮಾಡುವ ಮನಸ್ಸು ಒಂದೇ. ಹಾಗಿದ್ದೂ ಅವನು ಗೆದ್ದನೆಂದು ಒಬ್ಬ ಮಹಾನುಭಾವರು ಇವತ್ತಿಗೂ ಸಭೆ ಸಭೆಗಳಲ್ಲಿ ಹೇಳಿಕೊಂಡು ತಿರುಗುತ್ತಿರುವುದರಿಂದ, ನಡೆದದ್ದೇನು ಎಂದು ನಾನಾದರೂ ಬರೆದಿಡಬೇಕಾಗಿದೆ. ಅವನನ್ನು ಗೆಲ್ಲಿಸಿತೆನ್ನುವ ಟೇಬಲ್ಲಿನ ಒಂದು ಕಾಲನ್ನು ಹಿಡಿದು ನಿಂತಿದ್ದವಳು ನಾನು.

ಮಾವನ ಅಂಗಡಿ ನಾವೆಲ್ಲ ಇದ್ದ ಮಹಡಿಯ ಮನೆಯಿಂದ ಎರಡು ಬೀದಿ ಆಚೆ. ಒಳಗೆ ಹೋದರೆ ಬಾಗಿಲಿಲ್ಲದ ಕಪಾಟು, ಬೆನ್ನಿಲ್ಲದ ಕುರ್ಚಿ, ಕಾಲಿಲ್ಲದ ಮಂಚ. ಯಾವುದೋ ಮಗುವಿಗೆಂದು ಶುರುವಾದ ತೊಟ್ಟಿಲೊಂದಿತ್ತು. ಆ ಮಗು ದೊಡ್ಡದಾಗಿ ಅದೇ ತೊಟ್ಟಿಲ ಮೇಲೆ ಕಾಲಿಟ್ಟು ಶೂ ಲೇಸು ಕಟ್ಟಿಕೊಳ್ಳುತ್ತಿತ್ತು. ಆದರೂ ಹೆಚ್ಚಿನ ಗಿರಾಕಿಗಳು ಬೈಯುತ್ತಿರಲಿಲ್ಲ, ಯಾಕೆಂದರೆ ಮಾವನ ನೆಪಗಳು ಅಷ್ಟು ಸೊಗಸಾಗಿದ್ದವು. "ಮರ ಒಣಗಿಲ್ಲ" ಅನ್ನುವುದು ಸಾಮಾನ್ಯ ಬಡಗಿಗಳ ಮಾತು. ಮಾವ ಹೇಳುತ್ತಿದ್ದುದೇ ಬೇರೆ. "ಮರ ಒಣಗಿದೆ ಸಾರ್. ಒಣಗದೇ ಇರೋದು ನಿಮ್ಮ ಮನೆ ಗೋಡೆ. ಈಗ ಕಪಾಟು ತಂದಿಟ್ರೆ ಆ ತೇವ ಪೂರ್ತಿ ಇದೇ ಕುಡಿಯುತ್ತೆ. ನಿಮ್ಮ ಒಳ್ಳೇದಕ್ಕೇ ನಾನು ತಡ ಮಾಡ್ತಿರೋದು." ಗಿರಾಕಿ ಕೈಮುಗಿದು, ಗೋಡೆಯನ್ನು ಬೈದುಕೊಂಡು ಮನೆಗೆ ಹೋಗುತ್ತಿದ್ದ.

ಇಷ್ಟೇ ಆಗಿದ್ದರೆ ಸೋಮಾರಿ ಅಂದು ಬಿಟ್ಟುಬಿಡಬಹುದಿತ್ತು. ಮಾವನದು ಧಾರಾಳದ ಕೈ. ತನ್ನಲ್ಲಿದ್ದದ್ದನ್ನು ಬೀದಿಗೆಲ್ಲ ಹಂಚುತ್ತಿದ್ದ. ಕೆಳಮನೆಯ ಗುಮಾಸ್ತರು ಆಫೀಸಿಗೆ ತಡವಾದಾಗಲೆಲ್ಲ ಮೊದಲು ಅಂಗಡಿಗೆ ಓಡಿ ಬರುತ್ತಿದ್ದರು. ಮಾವ ಉಳಿ ಕೆಳಗಿಟ್ಟು, ಕಣ್ಣು ಮುಚ್ಚಿ, ಯೋಚಿಸಿ ಒಂದು ನೆಪ ಕೊಡುತ್ತಿದ್ದ. "ಬಸ್ಸು ಕೆಟ್ಟಿತು ಅನ್ನಬೇಡಿ. ಎರಡು ಕಾಲಿಗೂ ಬೇರೆ ಬೇರೆ ಚಪ್ಪಲಿ ಹಾಕ್ಕೊಂಡು ಹೊರಟಿದ್ದೆ, ಅರ್ಧ ದಾರಿಯಿಂದ ವಾಪಸ್ ಹೋದೆ ಅನ್ನಿ. ನಿಮ್ಮನ್ನ ನೀವೇ ಸ್ವಲ್ಪ ಪೆದ್ದು ಮಾಡ್ಕೊಂಡ್ರೆ ಯಾರೂ ಅನುಮಾನ ಪಡಲ್ಲ." ಅವನಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ನೆಪದಲ್ಲಿ ನಾಯಿ ಬರಕೂಡದು, ಯಾರ ನಾಯಿ ಎಂದು ಕೇಳುತ್ತಾರೆ. ನೆಂಟರನ್ನು ಸಾಯಿಸಕೂಡದು, ಸತ್ತವರು ಮಾರ್ಕೆಟ್ಟಿನಲ್ಲಿ ಎದುರಾಗುತ್ತಾರೆ. ಇಷ್ಟು ಸೂಕ್ಷ್ಮವಾದ ತಲೆಯನ್ನು ಮಂಚಕ್ಕೆ ಕಾಲು ಕೂಡಿಸಲು ಬಳಸಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಆಗಾಗ ಅನಿಸುತ್ತಿತ್ತು.

ಊರಿಗೆಲ್ಲ ಹೊಸ ಹೊಸ ನೆಪ. ಹೆಂಡತಿಗೆ ಮಾತ್ರ ಮದುವೆಯಾದಾಗಿನಿಂದ ಒಂದೇ ನೆಪ: "ಒಳ್ಳೆ ಹಲಗೆ ಸಿಗಲಿ ಕಣೇ."

ಅತ್ತೆ ಬಟ್ಟೆ ಹೊಲಿಯುತ್ತಿದ್ದಳು. ಮಹಡಿಯ ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ನಿತ್ತು, ಕತ್ತರಿಸಲು ಟೇಬಲ್ಲಿರಲಿಲ್ಲ. ಬಟ್ಟೆಯನ್ನು ನೆಲಕ್ಕೆ ಹಾಸಿ, ಮಂಡಿಯೂರಿ, ಅದರ ಸುತ್ತ ಅಂಬೆಗಾಲಿಟ್ಟುಕೊಂಡು ಕತ್ತರಿಸುತ್ತಿದ್ದಳು. ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ಟೇಬಲ್ಲಿನ ಮಾತು ಎತ್ತಿದಾಗ ಮಾವ ಹಲಗೆಯ ಮಾತು ಎತ್ತುತ್ತಿದ್ದ, ಅತ್ತೆ "ಹೂಂ" ಅಂದು ಸುಮ್ಮನಾಗುತ್ತಿದ್ದಳು. ಮರದ ಮಧ್ಯೆಯೇ ಕೂತ ಗಂಡಸು ಹಲಗೆ ಸಿಗಲಿಲ್ಲ ಅನ್ನುತ್ತಾನೆ, ಈಕೆ ಹೂಂಗುಟ್ಟುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾವನ ಮೇಲೆ ಎಷ್ಟು ಸಿಟ್ಟೋ ಅತ್ತೆಯ ಮೇಲೂ ಅಷ್ಟೇ ಸಿಟ್ಟು.

ಹೀಗಿರುವಾಗ ಹೊಸದಾಗಿ ಕಟ್ಟಿದ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವ ಅಮ್ಮನವರು ಅತ್ತೆಯ ಹೊಲಿಗೆ ಮೆಚ್ಚಿದರು. ಹಾಸಿಗೆ ಹಾಸಿಗೆಗೂ ಪರದೆ, ದಿಂಬಿನ ಚೀಲ, ನರ್ಸುಗಳ ಉಡುಪು, ಎಲ್ಲವನ್ನೂ ಅತ್ತೆಯೇ ಹೊಲಿಯಬಹುದು ಎಂದರು. ಹೊರಡುವಾಗ ನೆಲದ ಮೇಲೆ ಹಾಸಿದ್ದ ಬಟ್ಟೆ ಅವರ ಕಣ್ಣಿಗೆ ಬಿತ್ತು. "ಇದೇನಮ್ಮ, ನೆಲದ ಮೇಲೆ ಕತ್ತರಿಸ್ತೀರಾ? ಆಸ್ಪತ್ರೆ ಬಟ್ಟೆ ಇದು. ಉದ್ದಕ್ಕೆ ಒಂದು ಟೇಬಲ್ ಇರಲೇಬೇಕು. ಮುಂದಿನ ತಿಂಗಳು ಮೊದಲ ಸೋಮವಾರ ಬಂದು ನೋಡ್ತೀನಿ. ಇದ್ರೆ ಕೆಲಸ ನಿಮಗೆ, ಇಲ್ಲಾಂದ್ರೆ ಬೇರೆಯವರಿಗೆ" ಎಂದು ಖಂಡತುಂಡವಾಗಿ ಹೇಳಿ ಹೋದರು.

ಅತ್ತೆ ಆವತ್ತು ಮಾವನಿಗೆ ವಿಷಯ ಹೇಳಿದಳು. ಮಾವ ಬಾಯಿ ತೆರೆದ. "ಒಳ್ಳೆ ಹಲಗೆ..." ಅನ್ನುವಷ್ಟರಲ್ಲಿ ಅತ್ತೆ ಎದ್ದು ಒಳಗೆ ಹೋದಳು. ಒಳಗೆ ಹೋಗಿ ಅತ್ತಳು. ನಾನು ನೋಡಿದೆ, ಮಾವ ನೋಡಲಿಲ್ಲ.

ಈಗ ಆ ಮಹಾನುಭಾವರು, ಅಂದರೆ ಗೆಲುವಿನ ಮೇಷ್ಟ್ರು, ಬರಬೇಕು. ಅದೇ ವಾರ ನಮ್ಮ ಬೀದಿಯ ಸಭಾಭವನದಲ್ಲಿ ಅವರು ಬದುಕು ಬದಲಿಸುವ ತರಗತಿ ಶುರುಮಾಡಿದ್ದರು. ದಪ್ಪ ಶರೀರ, ಬಿಳಿ ಕೋಟು, ಚಿನ್ನದ ಬಣ್ಣದ ಕನ್ನಡಕ. ಭಾಷಣದ ಪೀಠವೊಂದು ಬೇಕಾಗಿ ಮಾವನಿಗೆ ಹೇಳಿದ್ದರು, ಅದು ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಲು ಖುದ್ದಾಗಿ ಬಂದವರು ಮಾವನ ನೆಪ ಕೇಳಿ ಬೆರಗಾಗಿ ನಿಂತರು. ಡಾಕ್ಟರಿಗೆ ಅಪರೂಪದ ಕಾಯಿಲೆ ಸಿಕ್ಕಾಗ ಆಗುವಂಥ ಸಂತೋಷ ಅವರ ಮುಖದಲ್ಲಿತ್ತು. "ನೀವು ನನ್ನ ಕ್ಲಾಸಿಗೆ ಬರಲೇಬೇಕು. ಫೀಸು ಬೇಡ. ನಿಮ್ಮನ್ನ ಬದಲಾಯಿಸಿದ್ರೆ ನಾನು ಯಾರನ್ನ ಬೇಕಾದ್ರೂ ಬದಲಾಯಿಸಬಲ್ಲೆ" ಎಂದರು.

ಮಾವ ಹೋದ. ಬಿಟ್ಟಿ ಅಂದರೆ ಯಾರು ಬಿಡುತ್ತಾರೆ? ಹೋದವನು ಬೇರೆ ಮನುಷ್ಯನಾಗಿ ಬಂದ. ನೆಪ ಹೇಳುವವನು ಸೋಲುತ್ತಾನೆ, ಕೊಡುವವನು ಬೆಳೆಯುತ್ತಾನೆ, ಗೆಲ್ಲಬೇಕಾದವನು ಹಿಂದಕ್ಕೆ ಹೋಗುವ ದಾರಿಯನ್ನೇ ಮುಚ್ಚಬೇಕು ಎಂದು ಮೇಷ್ಟ್ರು ಮೇಜು ಕುಟ್ಟಿ ಹೇಳಿದರಂತೆ. ಮಾವ ಅದನ್ನು ಒಂದಕ್ಷರ ಬಿಡದೆ ನಂಬಿದ. ಜೀವಮಾನವೆಲ್ಲ ಇನ್ನೊಬ್ಬರಿಗೆ ಟೋಪಿ ಹಾಕಿದವನಿಗೆ ಟೋಪಿ ಹಾಕುವುದು ನೀರು ಕುಡಿದಷ್ಟು ಸುಲಭ ಎಂದು ನನಗೆ ಆಗಲೇ ಗೊತ್ತಾದದ್ದು.

ಮಾರನೆಯ ದಿನ ಗಿರಾಕಿಯೊಬ್ಬರು ಕಪಾಟು ಯಾಕಾಗಲಿಲ್ಲ ಎಂದು ಕೇಳಿದರು. ಮಾವ ನೆಟ್ಟಗೆ ನಿಂತು "ಮಲಗಿದ್ದೆ" ಎಂದ. ಅವರು ಇನ್ನೇನಾದರೂ ಹೇಳುತ್ತಾನೇನೋ ಎಂದು ಕಾದರು. ಹೇಳಲಿಲ್ಲ. ಅಷ್ಟು ವರ್ಷ ನಕ್ಕು ಹೋಗುತ್ತಿದ್ದ ಮನುಷ್ಯ ಕೆಂಡಾಮಂಡಲವಾದರು. ಗುಮಾಸ್ತರಿಗೂ "ಇದ್ದದ್ದು ಇದ್ದ ಹಾಗೆ ಹೇಳಿ" ಅಂದ. ಪಾಪ, ಅವರು ಹೋಗಿ "ಏಳೋಕೆ ಮನಸ್ಸಾಗಲಿಲ್ಲ ಸಾರ್" ಅಂದರಂತೆ. ಆ ದಿನವಿಡೀ ಆಫೀಸಿನಲ್ಲಿ ಅವರನ್ನು ಯಾರೂ ಮಾತಾಡಿಸಲಿಲ್ಲ. ಸತ್ಯ ಬಂದ ವಾರದಲ್ಲೇ ಬೀದಿಯ ನೆಮ್ಮದಿ ಹಾಳಾಗಿಹೋಯಿತು.

ಆದರೆ ಒಂದು ಒಳ್ಳೆಯದಾಯಿತು. ಮಾವ ಟೇಬಲ್ಲಿಗೆ ಕೈ ಹಾಕಿದ. ಎಲ್ಲೂ ಸಿಗದ ಹಲಗೆ ಅಂಗಡಿಯ ಮೂಲೆಯಲ್ಲೇ ಗೋಡೆಗೆ ಒರಗಿಕೊಂಡಿತ್ತು. ಉಳಿ ಹಿಡಿದರೆ ಮಾವ ನಿಜಕ್ಕೂ ಚೆನ್ನಾಗಿರುತ್ತಿದ್ದ, ಮಾತು ಕಡಿಮೆಯಾಗಿ ಮುಖ ಎಳೆಯದಾಗುತ್ತಿತ್ತು. ಅವನನ್ನು ಹಾಗೆ ನೋಡಿ ನನಗೂ ಖುಷಿಯಾಯಿತು.

ದೊಡ್ಡ ಸಾಮಾನನ್ನು ಯಾವ ಬಡಗಿಯೂ ಅಂಗಡಿಯಲ್ಲಿ ಪೂರ್ತಿ ಜೋಡಿಸುವುದಿಲ್ಲ. ಕಾಲು ಬೇರೆ, ಹಲಗೆ ಬೇರೆ ಒಯ್ದು, ಮನೆಯಲ್ಲಿ ಬೋಲ್ಟು ಹಾಕಿ ಬಿಗಿಯುತ್ತಾನೆ. ಕಸುಬಿನಲ್ಲಿ ಮೊದಲು ಕಲಿಯುವ ಪಾಠವೇ ಅದು. ಮಾವ ಅಂಟು ಕಾಯಿಸುತ್ತಿರುವುದನ್ನು ಕಂಡು ನಾನು ಕೇಳಿದೆ, "ಮಾವ, ಬೋಲ್ಟು ಹಾಕಲ್ವಾ?"

"ಬೋಲ್ಟು ಹಾಕೋದು ಅಂದ್ರೆ ಬಿಚ್ಚೋಕೆ ದಾರಿ ಇಟ್ಕೊಂಡ ಹಾಗೆ. ಬಿಚ್ಚೋ ದಾರಿ ಅಂದ್ರೆ ಏನು ಹೇಳು? ನೆಪ. ಇದಕ್ಕೆ ಕೀಲು, ಅಂಟು. ಒಮ್ಮೆ ಕೂತ್ರೆ ಕೂತ ಹಾಗೆ."

"ನಮ್ಮ ಮೆಟ್ಟಿಲು ತಿರುಗೋ ಕಡೆ ಹೋಗುತ್ತಾ? ಅಳತೆ ತಗೊಂಡ್ಯಾ?"

"ನೋಡು, ಸೋಲೋರ ಯೋಚನೆ ಅಂದ್ರೆ ಇದೇ. ಕ್ಲಾಸಿಗೆ ಬಾ ಅಂದ್ರೆ ಬರಲಿಲ್ಲ ನೀನು" ಎಂದು ಮಾವ ನನ್ನನ್ನು ಕನಿಕರದಿಂದ ನೋಡಿದ.

ಆ ಸೋಮವಾರದ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಟೇಬಲ್ ಕೈಗಾಡಿಯ ಮೇಲೆ ಮೆರವಣಿಗೆಯಲ್ಲಿ ಬಂತು. ಚೆಂದದ ಟೇಬಲ್, ಮುಟ್ಟಿದರೆ ಕೈ ಜಾರುವಷ್ಟು ನುಣುಪು. ಗೆಲುವಿನ ಮೇಷ್ಟ್ರು ಮೊದಲೇ ಮಹಡಿಗೆ ಹೋಗಿ, ಗೆಲುವು ಮೆಟ್ಟಿಲು ಹತ್ತಿ ಬರುವುದನ್ನು ಫೋನಿನಲ್ಲಿ ಹಿಡಿಯಲು ಸಜ್ಜಾಗಿ ನಿಂತರು. ಅವರ ಪಕ್ಕದಲ್ಲಿ ಅತ್ತೆ, ಹೊಸ ಸೀರೆಯುಟ್ಟು. ಕೆಳಗೆ ಮಾವ, ಗುಮಾಸ್ತರು, ನಾನು. ಎತ್ತಿದೆವು, ಹತ್ತಿದೆವು. ತಿರುವಿನಲ್ಲಿ ಟೇಬಲ್ ಒಂದು ಸಲ ಕಿರ್ರೆಂದು ಕೂಗಿ ನಿಂತುಬಿಟ್ಟಿತು. ಒಂದು ಕಾಲು ಗೋಡೆಗೆ, ಒಂದು ಕಾಲು ಮೆಟ್ಟಿಲಿನ ಕಂಬಿಗೆ. ಮೇಲಕ್ಕೆ ತಳ್ಳಿದೆವು, ಕೆಳಕ್ಕೆ ಎಳೆದೆವು, ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಸಾಧ್ಯ ಅನ್ನಿ! ಮನಸ್ಸಿನಲ್ಲಿ ಸಾಧ್ಯ ಅನ್ನಿ!" ಎಂದು ಮೇಷ್ಟ್ರು ಮೇಲಿನಿಂದ ಕೂಗಿದರು. ಗುಮಾಸ್ತರು ಜೋರಾಗಿಯೇ "ಸಾಧ್ಯ" ಅಂದರು, ಅವರ ಬೆರಳು ಗೋಡೆಗೂ ಟೇಬಲ್ಲಿಗೂ ನಡುವೆ ಸಿಕ್ಕಿಕೊಂಡಿತ್ತು.

ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರ ದನಿ ಇಳಿಯಿತು. ಅವರಿಗೆ ಇನ್ನೊಂದು ಕಡೆ ತರಗತಿಯಿತ್ತು, ಜನ ಬಂದು ಕೂತಿದ್ದರು, ಫೋನು ಬಡಿದುಕೊಳ್ಳುತ್ತಿತ್ತು. ಇಳಿಯಬೇಕಾದರೆ ಟೇಬಲ್ಲಿನ ಕೆಳಗೆ ನುಸುಳಬೇಕು. ಅವರು ಮೆಲ್ಲಗೆ ಬಗ್ಗಿ, ಟೇಬಲ್ಲಿನ ಸಂದಿಯಿಂದ ಮಾವನ ಕಿವಿಗೆ ಹೇಳಿದರು, "ಅಲ್ಲ ಮೇಸ್ತ್ರಿ, ಅಲ್ಲಿ ಕಾಯ್ತಿರೋರಿಗೆ ಈಗ ಏನು ಅಂತ ಹೇಳೋದು?"

ಮಾವನ ಮುಖದಲ್ಲಿ ಆದ ಹೊಯ್ದಾಟವನ್ನು ನಾನು ಹತ್ತಿರದಿಂದ ನೋಡಿದೆ. ನೆಪ ಹೇಳದ ವ್ರತ ಒಂದು ಕಡೆ, ಕೊಡುಗೈ ಇನ್ನೊಂದು ಕಡೆ. ಕೊನೆಗೆ ಕೊಡುಗೈಯೇ ಗೆದ್ದಿತು. "ಟೇಬಲ್ ಅಡ್ಡ ಬಂತು ಅಂತ ನಿಜ ಹೇಳಿದ್ರೆ ಯಾರೂ ನಂಬಲ್ಲ ಸಾರ್. ಕನ್ನಡಕದ ಮೇಲೆ ಕೂತುಬಿಟ್ಟೆ ಅನ್ನಿ. ಕನ್ನಡಕ ತೆಗೆದು ಜೇಬಿಗೆ ಹಾಕ್ಕೊಳ್ಳಿ."

ಮೇಷ್ಟ್ರು ಕನ್ನಡಕ ತೆಗೆದು ಹಿಂದಿನ ಜೇಬಿಗೆ ಹಾಕಿಕೊಂಡರು. ಬಿಳಿ ಕೋಟಿನಲ್ಲಿ ಅಂಬೆಗಾಲಿಟ್ಟು ಟೇಬಲ್ಲಿನ ಕೆಳಗೆ ನುಸುಳಿದರು. ಕಣ್ಣು ಕಾಣದೆ ಮೆಟ್ಟಿಲು ತಪ್ಪಿ ದೊಪ್ಪನೆ ಕೂತರು. ಚಟ್ ಎಂದು ಸದ್ದಾಯಿತು. ನೆಪ ಅಲ್ಲೇ ನಿಜವಾಗಿಹೋಯಿತು. ಆ ನಿಜವನ್ನು ಕೈಯಲ್ಲಿ ಹಿಡಿದುಕೊಂಡು ಅವರು ಕುಂಟುತ್ತ ಬೀದಿಗಿಳಿದರು. ಟೇಬಲ್ ಮೆಟ್ಟಿಲೇರುತ್ತಿದ್ದ ಮೊದಲರ್ಧವನ್ನು ಮಾತ್ರ ಈಗಲೂ ತರಗತಿಗಳಲ್ಲಿ ತೋರಿಸುತ್ತಾರಂತೆ.

ಗುಮಾಸ್ತರು ಹೇಗೋ ಬೆರಳು ಬಿಡಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೂ ನಗು. ಅತ್ತೆ ನಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಟೇಬಲ್ಲನ್ನೇ ನೋಡುತ್ತಿದ್ದಳು. ಬೆಳಗಾದರೆ ಆಸ್ಪತ್ರೆಯ ಅಮ್ಮನವರು ಬರುತ್ತಾರೆ. ಮಾವ ಗರಗಸ ತಂದು, ಕಾಲು ಕತ್ತರಿಸುತ್ತೇನೆ ಎಂದು ಹೊರಟ.

"ಮುಟ್ಟಬೇಡಿ" ಎಂದಳು ಅತ್ತೆ. "ಆ ಕಂಬಿ ಬಿಚ್ಚಿ. ಆದ್ರೂ ಈ ತಿರುವಿನಲ್ಲಿ ಮೇಲಕ್ಕೆ ಬರಲ್ಲ, ಟೇಬಲ್ ವಾಪಸ್ ಅಂಗಡಿಗೆ ಹೋಗಲಿ. ಮೆಷಿನ್ನೂ ಅಲ್ಲಿಗೇ ಬರುತ್ತೆ, ನಾನೂ ಬರ್ತೀನಿ."

"ಅಲ್ಲಿ ಧೂಳು ಕಣೇ, ಜಾಗ..." ಎಂದು ಶುರುಮಾಡಿದ ಮಾವ ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಕಂಬಿ ಬಿಚ್ಚಿದ ಮೇಲೆ ಟೇಬಲ್ ಕೆಳಗಿಳಿಯಿತು. ಆ ಭಾನುವಾರ ಮಾವ ಅರೆಬರೆ ಸಾಮಾನನ್ನೆಲ್ಲ ಹಿತ್ತಿಲಿಗೆ ಸಾಗಿಸಿ, ಅಂಗಡಿಯ ಮುಂದಿನ ಭಾಗವನ್ನು ಗುಡಿಸಿ, ತೊಳೆದು, ನಡುವೆ ಹಲಗೆಯ ಅಡ್ಡಗೋಡೆ ನಿಲ್ಲಿಸಿದ. ಸೋಮವಾರ ಅಮ್ಮನವರು ಬಂದರು. ಟೇಬಲ್ಲಿನ ಮೇಲೆ ಕೈಯಾಡಿಸಿದರು, ಬಗ್ಗಿ ಕೀಲು ನೋಡಿದರು, "ಯಾರು ಮಾಡಿದ್ದು? ಚೆನ್ನಾಗಿದೆ" ಎಂದು ಬಟ್ಟೆಯ ಗಂಟು ಇಳಿಸಿ ಹೋದರು.

ಅತ್ತೆ ಮೊದಲ ಪರದೆಯನ್ನು ಹಾಸಿದಳು. ಮಾವ ಬಟ್ಟೆಯ ಆ ತುದಿ ಹಿಡಿದು ನಿಂತ. ಅವಳು ನಿಂತುಕೊಂಡು ಕತ್ತರಿಸುವುದನ್ನು ನಾನು ಅದೇ ಮೊದಲು ನೋಡಿದ್ದು. ಅರ್ಧ ದೂರ ಹೋದ ಮೇಲೆ, ತಲೆಯೆತ್ತದೆ ಕೇಳಿದಳು.

"ಇಷ್ಟು ವರ್ಷ ಯಾಕ್ರೀ ಮಾಡಲಿಲ್ಲ? ಹಲಗೆ ಮಾತು ಬೇಡ."

ಮಾವ ಬಟ್ಟೆಯ ಅಂಚನ್ನು ಟೇಬಲ್ಲಿನ ಅಂಚಿಗೆ ಸರಿಯಾಗಿ ಹೊಂದಿಸಿದ. ನಾನು ಹೊಸ ನೆಪ ಬರುತ್ತದೆಂದೇ ಕಾದೆ.

"ನೀನು ಜಗಳ ಆಡಲ್ಲ ಅಂತ ಗೊತ್ತಿತ್ತು" ಎಂದ ಮಾವ. "ಜಗಳ ಆಡೋರ ಕೆಲಸ ಮೊದಲು ಮಾಡ್ತಿದ್ದೆ. ನಗೋರಿಗೆ ನೆಪ ಹೇಳ್ತಿದ್ದೆ. ನೀನು ಎರಡೂ ಅಲ್ಲ. ನಿನಗೆ ಏನೂ ಮಾಡದೇ ಇದ್ರೂ ನಡೀತಿತ್ತು."

ಕತ್ತರಿ ನಿಂತಿತು. ಮಾವನ ಬಾಯಿಂದ ಬಂದ ಇಷ್ಟೂ ಮಾತುಗಳಲ್ಲಿ ಅತಿ ಕೆಟ್ಟದ್ದು ಇದೇ ಎಂದು ನನಗನಿಸಿತು, ನಿಜ ಎನಿಸಿದ್ದೂ ಇದೊಂದೇ. ಅತ್ತೆಯ ಕಣ್ಣು ತುಂಬಿತು. ಅವಳು ಸೆರಗಿನಲ್ಲಿ ಒರೆಸಿಕೊಂಡಳು, ಬಟ್ಟೆಗೆ ತಾಗದಂತೆ ಜೋಪಾನವಾಗಿ.

"ಹಾಗಾದ್ರೆ ಇವತ್ತಿಂದ ಆಡ್ತೀನಿ" ಎಂದಳು.

ಆಡಿಯೇ ಆಡಿದಳು. ಆಗಲೇ, ಅಲ್ಲಿಯೇ, ಇಡೀ ಬೀದಿಗೆ ಕೇಳುವ ಹಾಗೆ. ಮನೆಯಲ್ಲಿ ವರ್ಷಗಟ್ಟಲೆ ಕೂಡಿಸದೆ ಬಿಟ್ಟ ಬಚ್ಚಲಿನ ಬಾಗಿಲಿಂದ ಶುರುಮಾಡಿ ಮದುವೆಯ ವರ್ಷದವರೆಗೂ ಹೋದಳು. ಎದುರಿನ ಅಂಗಡಿಯವರು ಹೊರಗೆ ಬಂದು ನಿಂತರು. ಮಾವ ಪರದೆಯ ತುದಿಯನ್ನು ಬಿಡದೆ ಕೇಳಿಸಿಕೊಂಡ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ, ಬಚ್ಚಲಿನ ಬಾಗಿಲಿನ ಅಗಲ ಎಷ್ಟು ಎಂದು ಕೇಳಿದ.