ಹಾರೋಹಳ್ಳಿಗೆ ದೋಣಿ ನೋಡಲು ಹೋದದ್ದು

ಮಾಗಡಿಯಲ್ಲಿ ರಾಮನಗರದ ಬಸ್ಸು ಹತ್ತಿ ಕುಳಿತಾಗ ಪಕ್ಕದ ಸೀಟಿನ ಹಿರಿಯರು, ಬೆಳಿಗ್ಗೆ ಬೆಳಿಗ್ಗೆಯೇ ಎಲ್ಲಿಗೆ ಪಯಣ ಎಂದು ಕೇಳಿದರು. "ಹಾರೋಹಳ್ಳಿಗೆ, ದೋಣಿ ನೋಡೋಕೆ" ಎಂದೆ. ಅವರು ನನ್ನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿ, ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು, ಕಿಟಕಿಯ ಕಡೆ ತಿರುಗಿದರು.

ಅವರದೇನೂ ತಪ್ಪಿಲ್ಲ. ಹಾರೋಹಳ್ಳಿಗೆ ಜನ ಹೋಗುವುದು ಕಾರ್ಖಾನೆ ಕೆಲಸಕ್ಕೆ. ಆದರೆ ನನ್ನ ಭಾವ ತಿಮ್ಮಣ್ಣನವರ ಫೋನಿನಲ್ಲಿ ಸಿಕ್ಕ ಜಾಹೀರಾತು ಸ್ಪಷ್ಟವಾಗಿಯೇ ಇತ್ತು. ಕುಟುಂಬಕ್ಕೆ ಹೇಳಿಮಾಡಿಸಿದ ಮೋಟಾರ್ ದೋಣಿ, ಒಳಗೆ ಕ್ಯಾಬಿನ್ನು, ಮಲಗಲು ಎರಡು ಮಂಚ, ಗ್ಯಾಸ್ ಒಲೆ, ಪುಟ್ಟ ಕಕ್ಕಸು. ಸೆಕೆಂಡ್ ಹ್ಯಾಂಡ್ ಆದರೂ ಒಳ್ಳೆಯ ಸ್ಥಿತಿಯಲ್ಲಿದೆ, ಹಾರೋಹಳ್ಳಿಗೆ ಬಂದು ನೋಡಿಕೊಳ್ಳಬಹುದು.

ಭಾವ ಕೂಟಗಲ್ ಕಡೆಯ ರೇಷ್ಮೆ ಬೆಳೆಗಾರರು. ಹೋದ ವರ್ಷ ನೆಂಟರ ಜೊತೆ ಹೊನ್ನಾವರದ ಕಡೆ ಪ್ರವಾಸ ಹೋದಾಗ ಹಿನ್ನೀರಿನಲ್ಲಿ ಒಂದು ಸುತ್ತು ದೋಣಿ ಹತ್ತಿ ಬಂದರು. ಬಂದವರು ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ. ಅವರ ಹೊಲದ ದಿಬ್ಬದ ಮೇಲೆ ನಿಂತರೆ ದೂರದಲ್ಲಿ ಕಣ್ವ ಜಲಾಶಯದ ನೀರು ಹೊಳೆಯುತ್ತದೆ. "ಕಣ್ಣೆದುರ್ಗೇ ನೀರೈತೆ, ಅದರ ಮ್ಯಾಲೊಂದು ಮನೆ ಯಾಕಿರಬಾರ್ದು?" ಎಂದು ಶುರು ಮಾಡಿದರು. ಅನುಮತಿ ಬೇಕಾಗುತ್ತದೆ ಭಾವ ಎಂದರೆ, "ನೀರು ಯಾರಪ್ಪಂದ್ಲಾ?" ಎನ್ನುತ್ತಿದ್ದರು. ದೋಣಿಗಾಗಿ ಮಾವಿನ ತೋಪಿನ ಒಂದು ಮೂಲೆಯನ್ನು ಮಾರುವ ಮಾತೂ ಆಯಿತು. ಆ ದಿನದಿಂದ ನನ್ನ ಅಕ್ಕ ಜಯಮ್ಮ ಗಂಡನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯುವುದಿದ್ದರೆ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಸದ್ದು ಮಾಡುತ್ತಿದ್ದಳು.

ಕೊನೆಗೆ, ಮೂವರೂ ಹೋಗಿ ನೋಡುವುದು, ಬೇಕೋ ಬೇಡವೋ ನಾನು ಹೇಳುವುದು ಎಂದು ತೀರ್ಮಾನವಾಯಿತು. ನಾನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. "ಸಮುದ್ರದ ಪಾಠ ಮಾಡೋನು ನೀನು. ನಿಂಗೆ ತಿಳೀದೆ ಇನ್ಯಾರಿಗೆ ತಿಳೀತದೆ ಶಿವಣ್ಣ?" ಎಂದರು ಭಾವ. ನಾನು ಕಂಡ ಸಮುದ್ರದಲ್ಲಿ ಬಹುಪಾಲು ಕರಿಹಲಗೆಯ ಮೇಲಿನದು. ಆದರೂ ಹೂಂ ಅಂದೆ.

ರಾಮನಗರದ ನಿಲ್ದಾಣದಲ್ಲಿ ಇಬ್ಬರೂ ನನಗಾಗಿ ಕಾಯುತ್ತಿದ್ದರು, ನಡುವೆ ಮೂರನೆಯವರು ಕೂರುವಷ್ಟು ಜಾಗ ಬಿಟ್ಟುಕೊಂಡು. ಭಾವ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದರು. ಅಕ್ಕ ಮದುವೆಗೆ ಹೊರಟವಳಂತೆ ಸೀರೆ ಉಟ್ಟಿದ್ದರೂ ಮುಖ ಮಾತ್ರ ಪಂಚಾಯಿತಿಗೆ ಹೊರಟಂತಿತ್ತು. ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಭಾವ ಎರಡೆರಡು ಸಲ ಹಾಕಿಸಿಕೊಂಡರು.

ಕನಕಪುರದ ಬಸ್ಸಿನಲ್ಲಿ ಅಕ್ಕ ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಚೀಟಿ ತೆಗೆದುಕೊಂಡು, ದುಡ್ಡು ಕೊಟ್ಟು ಕೂರುವ ನಮ್ಮಿಬ್ಬರನ್ನು ಕನಿಕರದಿಂದ ನೋಡಿದಳು. ದಾರಿಯುದ್ದಕ್ಕೂ ಮಾವು ಹೂ ಬಿಟ್ಟು ತೋಪುಗಳೆಲ್ಲ ಘಮಗುಡುತ್ತಿದ್ದವು. ಬಿಸಿಲು ಆಗಲೇ ಚುರುಕಾಗಿತ್ತು. ಒಂದೊಂದು ತೋಪು ಬಂದಾಗಲೂ ಅಕ್ಕ ಕಿಟಕಿಯ ಹೊರಗೆ ನೋಡಿ, "ಎಷ್ಟು ಚೆಂದಾಗಿ ಕಟ್ಟೈತೆ ನೋಡು ಶಿವಣ್ಣ, ಮಾರ್ಕೊಳೋರ ಮನೆ ಹಾಳಾಗ" ಎನ್ನುತ್ತಿದ್ದಳು. ಭಾವ ಮುಂದಿನ ಸೀಟಿನ ಬೆನ್ನನ್ನೇ ಓದುತ್ತಿದ್ದರು.

ಕನಕಪುರದಲ್ಲಿ ಬಸ್ಸು ಬದಲಾಯಿಸಿದೆವು. ಹಾರೋಹಳ್ಳಿಯ ಬಸ್ಸಿನ ಕಂಡಕ್ಟರು ಕೇಳದಿದ್ದರೂ ಭಾವ ವಿಷಯ ಹೇಳಿದರು. ಆತ ಚಿಲ್ಲರೆ ಕೊಡುತ್ತ, "ಕುಡಿಯೋ ನೀರೇ ಟ್ಯಾಂಕರ್‌ನಾಗೆ ಬತ್ತದಲ್ಲ ಯಜಮಾನ್ರೆ, ದೋಣೀನ ಟ್ಯಾಂಕರ್ ಒಳಗೆ ಬುಡ್ತೀರಾ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಎಷ್ಟೋ ದಿನದ ಮೇಲೆ ಅಕ್ಕನೂ ನಕ್ಕಳು, ಸೆರಗು ಅಡ್ಡ ಹಿಡಿದು.

ಹಾರೋಹಳ್ಳಿಯಿಂದ ಆಟೋದಲ್ಲಿ ಕೈಗಾರಿಕಾ ಪ್ರದೇಶದ ಅಂಚಿಗೆ ಹೋದೆವು. ಮಾರುವವರ ಹೆಸರು ರಂಗಸ್ವಾಮಿ. ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಕಾರ್ಖಾನೆ, ಅದಕ್ಕೆ ಅಂಟಿಕೊಂಡೇ ಮನೆ. ಶೆಡ್ಡಿನ ಹಿಂದೆ ಹೊಂಗೆ ಮರದ ಪಕ್ಕ, ಮರದ ದಿಮ್ಮಿಗಳ ಮೇಲೆ, ಬಿಳಿ ದೋಣಿ ಕುಳಿತಿತ್ತು. ನಾನು ಗೇಲಿ ಮಾಡಲೆಂದೇ ಹೋಗಿದ್ದವನು, ಆದರೆ ನಿಜ ಹೇಳುತ್ತೇನೆ, ಚೆಂದವಾಗಿತ್ತು. ನೀಲಿ ಪಟ್ಟಿ, ದುಂಡು ಕಿಟಕಿಗಳು, ಕಾರಿನಂಥದೇ ಸ್ಟೇರಿಂಗು. ಭಾವ ಚಪ್ಪಲಿ ಬಿಟ್ಟು ಕೈಮುಗಿದರು.

"ಭಾನುವಾರ ಭಾನುವಾರ ಯಾವ್ದಾದ್ರೂ ಡ್ಯಾಮ್‌ನಾಗೆ ತೇಲ್ಸಾನ ಅಂತ ಮಂಗ್ಳೂರಿಂದ ಲಾರಿ ಮ್ಯಾಲೆ ತರುಸ್ದೆ," ಎಂದರು ರಂಗಸ್ವಾಮಿ. "ಪರ್ಮಿಷನ್ ಕಾಗ್ದ ಇನ್ನೂ ಓಡಾಡ್ತಾನೇ ಐತೆ. ದೋಣಿ ನಿಂತೈತೆ."

ಏಣಿ ಇಟ್ಟರು. ಮೂವರೂ ಹತ್ತಿದೆವು. ರಂಗಸ್ವಾಮಿಯವರ ಹೆಂಡತಿ ಲೀಲಾವತಿ ಮೇಲೆ ಬಂದು ಅಕ್ಕನನ್ನು ಕ್ಯಾಬಿನ್ ತೋರಿಸಲು ಒಳಗೆ ಕರೆದುಕೊಂಡು ಹೋದರು. ಗಂಡಸರಾದ ನಾವು ಎಂಜಿನ್ ಕಡೆ ಗಮನ ಕೊಟ್ಟೆವು. ಅದರ ಬಾಲ ಮುಳುಗುವಂತೆ ಕೆಳಗೆ ಒಂದು ಡ್ರಮ್ಮು ನೀರು ಇಟ್ಟಿದ್ದರು. ನೀರಿಲ್ಲದೆ ಓಡಿಸಿದರೆ ಎಂಜಿನ್ ಕೆಡುತ್ತದಂತೆ. ರಂಗಸ್ವಾಮಿ ಕೀಲಿ ತಿರುಗಿಸಿದರು. ಗುಡುಗಿದಂತಾಯಿತು. ಡ್ರಮ್ಮಿನ ನೀರು ಕುದಿದಂತೆ ಎದ್ದು, ನೋಡಲು ಬಗ್ಗಿದ್ದ ಭಾವನ ಇಸ್ತ್ರಿ ಪಂಚೆಯನ್ನು ತೋಯಿಸಿತು. ದೋಣಿ ದಿಮ್ಮಿಗಳ ಮೇಲೆ ಗಡಗಡ ನಡುಗತೊಡಗಿತು. ಭಾವ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಕಣ್ಣು ಮುಚ್ಚಿದರು.

"ಶಿವಣ್ಣ, ತೇಲ್ತಾ ಇದ್ದೀವೇನ್ಲಾ?"

"ಇಲ್ಲ ಭಾವ. ನೆಲದ ಮೇಲೇ ಇದ್ದೀವಿ."

"ಹಂಗಾದ್ರೆ ಹೊಂಗೆ ಮರ ಯಾಕ್ ಓಡಾಡ್ತಾ ಐತೆ? ನಿಲ್ಸಕ್ಕೇಳ್ಲಾ!"

ರಂಗಸ್ವಾಮಿ ಎಂಜಿನ್ ನಿಲ್ಲಿಸಿದರು. ಭಾವ ಏಣಿಯನ್ನು ಹೇಗೆ ಇಳಿದರೋ ಅವರಿಗೇ ಗೊತ್ತಿಲ್ಲ. ರಾಮನಗರದ ಇಡ್ಲಿಯನ್ನೆಲ್ಲ ಹೊಂಗೆ ಮರದ ಬುಡಕ್ಕೆ ಒಪ್ಪಿಸಿ, ಬೇರಿನ ಮೇಲೆ ಕುಳಿತರು. ಹೊನ್ನಾವರದಲ್ಲೂ ಹೀಗೆ ಆಗಿತ್ತೇ ಎಂದು ಕೇಳಿದೆ. "ಅಲ್ಲಿ ಅಂಬಿಗ ಹುಟ್ಟು ಹಾಕ್ತಿದ್ದ ಕಣಪ್ಪ, ಸದ್ದೇ ಇರ್ನಿಲ್ಲ" ಎಂದರು ಕ್ಷೀಣ ದನಿಯಲ್ಲಿ. ಅವರ ಕನಸು ಡ್ರಮ್ಮಿನಲ್ಲೇ ಮುಳುಗಿದ್ದು ನನಗೆ ಕಾಣುತ್ತಿತ್ತು. ಆದರೆ ಅಷ್ಟು ದಿನ ಜಗಳವಾಡಿ, ಈಗ ಬೇಡ ಎನ್ನುವುದು ಹೇಗೆ? "ನಿಮ್ಮಕ್ಕ ಬ್ಯಾಡ ಅಂದೇ ಅಂತಾಳೆ, ಆಗ ಒಪ್ಕೋತೀನಿ" ಎಂದು ಪಿಸುಗುಟ್ಟಿದರು.

ಅಕ್ಕನನ್ನು ಕರೆಯಲು ಹೋದೆ. ಕ್ಯಾಬಿನ್ನಿನ ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದೆ, ಉತ್ತರವಿಲ್ಲ. ರಂಗಸ್ವಾಮಿ ಬಂದು, "ಲೀಲಾ, ಗಿರಾಕಿಗಳು ಕಾಯ್ತಾವ್ರೆ" ಎಂದರು.

"ಕಾಯ್ಲಿ ಬುಡಿ," ಒಳಗಿನಿಂದ ಬಂದದ್ದು ನಮ್ಮ ಅಕ್ಕನ ದನಿ.

ಗಂಡಸರು ಮೂವರೂ ಹೊಂಗೆ ನೆರಳಲ್ಲಿ ಕುಳಿತೆವು. ಒಳಗೆ ಒಮ್ಮೆ ಪಿಸುಮಾತು, ಒಮ್ಮೆ ನಗು, ಮತ್ತೆ ಬಹಳ ಹೊತ್ತು ಏನೂ ಇಲ್ಲ. ನನಗೆ ಗಾಬರಿಯಾಗಿ ದುಂಡು ಕಿಟಕಿಯಲ್ಲಿ ಇಣುಕಿದೆ. ಒಂದು ಮಂಚದ ಮೇಲೆ ಲೀಲಾವತಿ, ಇನ್ನೊಂದರ ಮೇಲೆ ಅಕ್ಕ, ಇಬ್ಬರೂ ನಿದ್ದೆ ಹೋಗಿದ್ದರು. ಅಕ್ಕ ಹಗಲಿನಲ್ಲಿ ಮಲಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸದ್ದಿಲ್ಲದೆ ಹಿಂದಕ್ಕೆ ಬಂದೆ.

ಬಿಸಿಲು ವಾಲಿದ ಮೇಲೆ ಚಿಲಕ ತೆಗೆದ ಸದ್ದಾಯಿತು. ಅಕ್ಕ ಇಳಿದು ಬಂದವಳೇ, "ನಮ್ಗೆ ಬ್ಯಾಡ" ಎಂದಳು. ರಂಗಸ್ವಾಮಿ, ರೇಟು ಬೇಕಾದರೆ ಒಸಿ ಇಳಿಸೋಣ ಎಂದರು. ಏಣಿಯ ಮೇಲಿಂದ ಲೀಲಾವತಿ, "ಏನೂ ಇಳಿಸಬೇಡಿ. ಇದನ್ನ ಮಾರೋದಿಲ್ಲ" ಎಂದರು. ಅದನ್ನು ಅವರು ಗಂಡನಿಗೆ ಮೊದಲ ಸಲ ಹೇಳುತ್ತಿದ್ದರು ಎಂಬುದು ರಂಗಸ್ವಾಮಿಯವರ ಮುಖದಲ್ಲೇ ತಿಳಿಯಿತು.

ಕನಕಪುರಕ್ಕೆ ಬಂದಾಗ ಹಸಿವು ಜೋರಾಗಿತ್ತು. ಹೋಟೆಲಿನಲ್ಲಿ ಮುದ್ದೆ ಬಂತು, ಸೊಪ್ಪಿನ ಸಾರು ಬಂತು. ಭಾವ ದೊಡ್ಡ ನಷ್ಟ ಅನುಭವಿಸಿದವರಂತೆ ನಿಟ್ಟುಸಿರು ಬಿಡುತ್ತ ಎರಡು ಮುದ್ದೆ ಮುಗಿಸಿದರು. ಅಕ್ಕ ತಾನಾಗಿಯೇ ಮಾತು ತೆಗೆದಳು.

"ಆವಮ್ಮಂಗೆ ದಿನಾ ಬೆಳಗಾದ್ರೆ ಮಿಷನ್ ಸದ್ದು, ಅತ್ತೆ ಕೂಗು, ಬಂದೋರ್ಗೆಲ್ಲ ಕಾಫಿ. ಮದ್ಯಾನ ಒಂದ್ಗಳಿಗೆ ದೋಣಿ ಒಳಗೋಗಿ ಚಿಲ್ಕ ಹಾಕ್ಕೊಂಡ್ರೆ ಯಾರೂ ಕೇಳಂಗಿಲ್ವಂತೆ. ಅದ್ನ ನಾನು ಕಿತ್ಕೊಂಡ್ ಬರ್ಲಾ?"

"ನಾನೂ ನಿನ್ನ ಒಸಿ ಆಚೆ ಕರ್ಕೊಂಡೋಗಾನ ಅಂತ್ಲೇ ದೋಣಿ ಅಂದಿದ್ದು," ಎಂದರು ಭಾವ, ಸಾರಿನ ಬಟ್ಟಲನ್ನು ನೋಡುತ್ತ. ಅದು ಸುಳ್ಳಾಗಿರಲಿಲ್ಲ.

"ಅದರೊಳಗೂ ಒಲೆ ಇಕ್ಕವ್ರಲ್ಲ. ನಡುನೀರ್ನಾಗೆ ಮುದ್ದೆ ತೊಳಸೋರು ಯಾರು?" ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ, "ನಮ್ಮನೇಲಿ ಒಳಗಿಂದ ಚಿಲ್ಕ ಇರೋದು ಬಚ್ಲುಮನೆಗೊಂದೇ. ಅಲ್ಲಿದ್ರೂ ಬಂದು ಬಾಗ್ಲು ತಟ್ತೀರಿ. ರೇಷ್ಮೆ ಹುಳ ಹಣ್ಣಾಗವೆ, ಸೊಪ್ಪು ಬಂತು, ಟವಲ್ಲೆಲ್ಲಿ ಅಂತ" ಎಂದಳು.

ಭಾವ ಎದ್ದು ಕೈ ತೊಳೆದು ಬಂದರು. ಆಮೇಲೆ ನನಗೆ ಹೇಳುವವರಂತೆ, "ಹಿಂದ್ಗಡೆ ಹುಳದ ಹಳೇ ತಟ್ಟೆ, ಗೂಡು ಕಟ್ಸೋ ಚಂದ್ರಿಕೆ ತುಂಬಿರೋ ರೂಮೈತಲ್ಲ ಶಿವಣ್ಣ. ಅದ್ಕೊಂದು ಕಿಟಕಿನೂ ಐತೆ" ಎಂದರು. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ನುಗ್ಗಿ ಉದ್ದನೆಯ ಚಿಲಕವೊಂದನ್ನು ಕೊಂಡರು. ಅಂಗಡಿಯವನು ಒಳಗೋ ಹೊರಗೋ ಎಂದು ಕೇಳಿದಾಗ ಅಕ್ಕ ಮುಂದೆ ಬಂದು, "ಒಳಗೆ" ಎಂದಳು. ರಾಮನಗರದಲ್ಲಿ ನಾನು ಮಾಗಡಿ ಬಸ್ಸು ಹತ್ತಿ ತಿರುಗಿ ನೋಡಿದಾಗ ಇಬ್ಬರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕುಳಿತು, ಆ ಚಿಲಕಕ್ಕೆ ಮೊಳೆ ಎಲ್ಲಿ ಹೊಡೆಯಬೇಕೆಂದು ವಾದ ಮಾಡುತ್ತಿದ್ದರು.

ಮುಂದಿನ ಭಾನುವಾರ ಮಧ್ಯಾಹ್ನ ಭಾವನ ಫೋನು ಬಂತು.

"ನಿಮ್ಮಕ್ಕ ಊಟ ಆಗ್ತಿದ್ದಂಗೆ ರೂಮೊಳಗೋಗಿ ಚಿಲ್ಕ ಹಾಕ್ಕೊಂಡವ್ಳೆ ಕಣಪ್ಪ. ನೆಂಟ್ರು ಬಂದವ್ರೆ, ಕಾಫಿ ಪುಡಿ ಎಲ್ಲೈತೋ ಕಾಣೆ."

"ಬಾಗಿಲು ತಟ್ಟಿ ಕೇಳಿ ಭಾವ."

"ತಟ್ದೆ ಕಣ್ಲಾ. ದೋಣಿ ನಡುನೀರ್ನಾಗೈತೆ, ಈಗ ದಡಕ್ಕೆ ಬರಕ್ಕಾಗಕ್ಕಿಲ್ಲ ಅಂದ್ಬುಟ್ಲು."